ಲೈಟ್ ಡ್ಯೂಟಿ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಪ್ಯಾಸೆಂಜರ್ ಹತ್ತುವಾಗ ಇಂದ್ರಾಣಿಯ ಕಣ್ಣು ಮತ್ತೆ ಹೆಂಗಸರ ಎಡಗೈಗಳ ಮೇಲೆಯೇ ಹೋಯಿತು. ಒಬ್ಬಳು ಅದರಲ್ಲಿ ಊಟದ ಚೀಲ ಹಿಡಿದಿದ್ದಳು, ಇನ್ನೊಬ್ಬಳು ಅದೇ ಕೈಯಿಂದ ಬಾಗಿಲ ಕಂಬಿ ಜಗ್ಗಿ ಮೈಯನ್ನು ಮೇಲಕ್ಕೆ ಎಳೆದುಕೊಂಡಳು. ಅಂಥದೊಂದು ಕೈ ತಮಗಿದೆ ಎನ್ನುವ ಯೋಚನೆಯೇ ಇಲ್ಲದೆ ಎಲ್ಲರೂ ಹತ್ತಿ ಒಳಗೆ ಹೋಗುತ್ತಿದ್ದರು. ಅವಳು ತನ್ನ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಬಲಗೈಯೊಂದರಿಂದಲೇ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಏರಿದಳು. ಹಿಂದಿದ್ದವರು ಕಾದರು. ಕಾಯಿಲೆಗೆ ಮುಂಚೆಯಾಗಿದ್ದರೆ ಯಾರಾದರೂ ಬೆನ್ನಿಗೆ ಗುದ್ದಿ ಒಳಗೆ ನೂಕುತ್ತಿದ್ದರು. ಮಣಿಕಟ್ಟಿನಿಂದ ಭುಜದವರೆಗೆ ತೊಟ್ಟಿದ್ದ, ಬಾವು ತಡೆಯುವ ಬಿಗಿ ತೋಳುಗವಸಿನ ಬಣ್ಣ ಅವಳ ಮೈಬಣ್ಣಕ್ಕಿಂತ ಬೆಳ್ಳಗಿತ್ತು. ಯಾರದೋ ಕೈಯನ್ನು ತಂದು ತನಗೆ ಹೊಲಿದಿದ್ದಾರೆ ಅನ್ನಿಸುತ್ತಿತ್ತು ಅವಳಿಗೆ. ಎದೆಯ ಕ್ಯಾನ್ಸರಿಗಾಗಿ ಕಂಕುಳಿನ ಗಂಟುಗಳನ್ನೂ ತೆಗೆದಮೇಲೆ ಕೈ ಬಾವು ಬರುತ್ತದೆ, ಭಾರ ಎತ್ತಬಾರದು, ಮೈಭಾರ ಹಾಕಿ ಜೋತುಬೀಳಬಾರದು ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿ, ಹಾಗೆಯೇ ಬರೆದೂ ಕೊಟ್ಟಿದ್ದರು. ಆ ಚೀಟಿಯಿಂದಲೇ ಕಾರ್ಖಾನೆಯಲ್ಲಿ ಅವಳಿಗೆ ಲೈಟ್ ಡ್ಯೂಟಿ ಸಿಕ್ಕಿದ್ದು. ಹನ್ನೊಂದು ತಿಂಗಳ ಮೇಲೆ ಕೆಲಸಕ್ಕೆ ಬಂದು ಇದು ಆರನೆಯ ದಿನ.

ಬೂದಿಕೋಟೆಯಿಂದ ಸೊಪ್ಪು ತಂದು ರೈಲಿನಲ್ಲಿ ಆಂಡರ್ಸನ್‌ಪೇಟೆಗೆ ಒಯ್ಯುವ ಪಿಳ್ಳಮ್ಮ ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟಳು. "ಕೂತ್ಕಳಮ್ಮೀ. ಕೂದ್ಲು ಸುರುಳಿ ಸುರುಳಿಯಾಗಿ ಎಷ್ಟ್ ಚೆಂದಾಗಿ ಬಂದೈತೆ ನೋಡು. ಪ್ಯಾಟೆ ಉಡ್ಗೀರು ದುಡ್ಡು ಕೊಟ್ಟು ಇಂಗ್ ಮಾಡಿಸ್ಕಂತಾರೆ," ಎಂದಳು. ಅರವತ್ತು ದಾಟಿದ ಆ ಮುದುಕಿಯ ತುರುಬು ಇನ್ನೂ ಮುಷ್ಟಿಗಾತ್ರ ಇತ್ತು. ಇಂದ್ರಾಣಿ ನಕ್ಕಳು. ನಗುವಾಗಲೂ ಅವಳ ಕಣ್ಣು ಆ ತುರುಬನ್ನು ಬಿಟ್ಟು ಕದಲಲಿಲ್ಲ. ಎದುರು ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಅವಳ ನಿದ್ದೆಯ ಮೇಲೂ ಹೊಟ್ಟೆಕಿಚ್ಚಾಯಿತು. ಮುಂದಿನ ತಿಂಗಳು, ಮುಂದಿನ ವರ್ಷ ಇದ್ದೇ ಇರುತ್ತದೆಂದು ನಂಬಿದ ಮೈ ಮಾತ್ರ ಹಾಗೆ ಸಡಿಲವಾಗಿ ಬಿದ್ದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ ಅವಳು, ಬದುಕಿ ಎದ್ದರೆ ಸಾಕು, ಬೀದಿಯ ನಾಯಿಗೂ ಕೈಮುಗಿದುಕೊಂಡು ಇರುತ್ತೇನೆ ಎಂದುಕೊಂಡಿದ್ದಳು. ಬದುಕಿ ಎದ್ದು ಬಂದಾಗ ಎದೆಯೊಳಗೆ ಕೃತಜ್ಞತೆ ಇರಬೇಕಾದ ಜಾಗದಲ್ಲಿ ಈ ಉರಿ ಕೂತಿತ್ತು. ಇದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಗಂಡ ವೇಣುವಿಗೂ ಹೇಳುವಂತಿರಲಿಲ್ಲ. ತಾಲ್ಲೂಕು ಆಫೀಸಿನ ಜೀಪ್ ಓಡಿಸುವ ಅವನು ಮೊದಲು ಸಣ್ಣಪುಟ್ಟದಕ್ಕೂ ಕಿರುಚುತ್ತಿದ್ದ. ಈಗ ಅವಳು ಏನು ಹೇಳಿದರೂ "ಆಗ್ಲಿ ಬಿಡು, ನೀನು ಟೆನ್ಷನ್ ಮಾಡ್ಕಬೇಡ" ಎಂದು ಗಾಜಿನ ಲೋಟ ಇಡುವವನ ಹಾಗೆ ಮಾತಾಡುತ್ತಿದ್ದ.

ಕೋರಮಂಡಲ್‌ನಲ್ಲಿ ಇಳಿದು, ಹಳೆಯ ಚಿನ್ನದ ಗಣಿಯ, ಹುಲ್ಲೂ ಹುಟ್ಟದ ಸಯನೈಡ್ ದಿಬ್ಬಗಳ ಪಕ್ಕದ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ಕಾರ್ಖಾನೆಯ ಗೇಟು. ಭಾರಿ ವಾಹನಗಳಿಗೆ ಕಬ್ಬಿಣದ ಚೌಕಟ್ಟು ಬೆಸೆದು ಕೊಡುವ ಆ ಶೆಡ್ಡಿನಲ್ಲಿ, ಸೂರಿನ ಕೆಳಗಿನ ಹಳಿಗಳ ಮೇಲೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುವ ಕ್ರೇನಿಗೆ ಒಂದು ಗಾಜಿನ ಗೂಡು ಜೋತುಬಿದ್ದಿದೆ. ಹದಿನಾಲ್ಕು ವರ್ಷ ಆ ಗೂಡಿನಲ್ಲಿ ಕೂತವಳು ಇಂದ್ರಾಣಿ. ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಐಟಿಐ ಓದಿ ಬಂದ ಅವಳನ್ನು ಮೊದಲ ಸಲ ಏಣಿ ಹತ್ತಿಸಿದ ದಿನ ಕೆಳಗೆ ನಿಂತ ಗಂಡಸರು ಎಷ್ಟನೇ ಮೆಟ್ಟಿಲಿಗೆ ಅಳುತ್ತಾಳೆ ಎಂದು ಪಂದ್ಯ ಕಟ್ಟಿದ್ದರು. ಮೂವತ್ತೆಂಟು ಮೆಟ್ಟಿಲು, ಅವಳು ಅಳಲಿಲ್ಲ. ಆಮೇಲೆ ಅದೇ ಗಂಡಸರು ಕೆಳಗಿನಿಂದ ಕೈಸನ್ನೆ ಮಾಡುವುದು, ಅವಳು ಮೇಲಿನಿಂದ ನಾಲ್ಕು ಟನ್, ಆರು ಟನ್ ಎತ್ತಿ ಅವರ ಕಾಲ ಬಳಿ ಇಳಿಸುವುದು ಅಭ್ಯಾಸವಾಯಿತು. ಮೇಲಿನಿಂದ ಎಲ್ಲರ ನೆತ್ತಿ ಕಾಣುತ್ತಿತ್ತು. ಯಾರ ಕೂದಲು ಉದುರುತ್ತಿದೆ, ಯಾರು ಫೋರ್‌ಮನ್ ಕಣ್ಣು ತಪ್ಪಿಸಿ ಫೋನ್ ನೋಡುತ್ತಾರೆ, ಎಲ್ಲವೂ ಗೊತ್ತಿರುತ್ತಿತ್ತು. ಈಗ ಅವಳ ಕೆಲಸ ಮೂಲೆಯ ಟೂಲ್ ಸ್ಟೋರಿನಲ್ಲಿ. ಜಾಲರಿಯ ಕಿಟಕಿಯ ಹಿಂದೆ ಕುರ್ಚಿಯಲ್ಲಿ ಕೂತು, ಕೇಳಿದವರಿಗೆ ಸ್ಪ್ಯಾನರು, ಕೈಗವಸು, ಭಾರ ಎತ್ತುವ ಬೆಲ್ಟುಗಳನ್ನು ಕೊಡುವುದು, ವಾಪಸ್ ಬಂದದ್ದನ್ನು ಪರೀಕ್ಷಿಸಿ ಇಡುವುದು. ಶೆಡ್ಡಿನಲ್ಲಿ ಓಡಾಡುವಾಗ ಅವಳ ನೆತ್ತಿ ಈಗ ಇನ್ನೊಬ್ಬಳಿಗೆ ಕಾಣುತ್ತಿತ್ತು.

ಆ ಇನ್ನೊಬ್ಬಳು ಸೌಂದರ್ಯಾ. ಆಂಡರ್ಸನ್‌ಪೇಟೆಯವಳು, ಇಪ್ಪತ್ತಾರು ವರ್ಷ. ಹೆಲ್ಮೆಟ್ಟಿನ ಕೆಳಗಿಂದ ಸೊಂಟದವರೆಗೆ ಇಳಿಬಿದ್ದ ಜಡೆಯನ್ನು ಕ್ರೇನ್ ಹತ್ತುವ ಮುನ್ನ ಶರ್ಟಿನೊಳಕ್ಕೆ ತುರುಕಿಕೊಳ್ಳುತ್ತಾಳೆ. ಅವಳಿಗೆ ಕೆಲಸ ಕಲಿಸಿದವಳು ಇಂದ್ರಾಣಿಯೇ. ಇಬ್ಬರೂ ಆ ಗೂಡಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಾಲ್ಕು ತಿಂಗಳು ಕೂತಿದ್ದರು. ಒಂದು ದಿನ ಇಂದ್ರಾಣಿಯ ಮೈಗೆ ಕಟ್ಟುವ ಸುರಕ್ಷೆಯ ಪಟ್ಟಿಯನ್ನು ಸರಿಮಾಡುತ್ತಿದ್ದಾಗ ಆ ಹುಡುಗಿಯ ಬೆರಳು ಕಂಕುಳ ಬಳಿ ತಡೆದು ನಿಂತಿತ್ತು. "ಅಕ್ಕಾ, ಇಲ್ಲೇನೋ ಗಟ್ಟಿಯಾಗಿದೆ. ಏನಿದು?" ಇಂದ್ರಾಣಿ ಅವಳ ಕೈ ಕೊಡವಿ, ಸುಮ್ನೆ ಕೂತ್ಕೋ, ಕ್ರೇನಿನ ಲಿವರ್ ನೋಡು ಎಂದು ಗದರಿದ್ದಳು. ಹುಡುಗಿ ಬಿಡಲಿಲ್ಲ. ದಿನವೂ ಕೇಳಿದಳು, ಮೂರನೆಯ ವಾರ ತಾನೇ ರಜೆ ಹಾಕಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದಳು. ಡಾಕ್ಟರು, ಇನ್ನು ಮೂರು ತಿಂಗಳು ತಡವಾಗಿದ್ದರೆ ಕಷ್ಟವಿತ್ತು ಎಂದಾಗ ಪಕ್ಕದ ಕುರ್ಚಿಯಲ್ಲಿ ಇದ್ದವಳೂ ಅವಳೇ. ಆಮೇಲೆ ಆಸ್ಪತ್ರೆಗೆ ಎರಡು ಸಲ ಬಂದಳು, ರಸಂ ತಂದಳು, ವೇಣುವಿನ ಪಕ್ಕ ಬೆಂಚಿನ ಮೇಲೆ ಕೂತು ಅವನಿಗೆ ಧೈರ್ಯ ಹೇಳಿದಳು. "ಆ ಉಡ್ಗಿ ಇಲ್ದಿದ್ರೆ ನಾವು ಏನಾಗ್ತಿದ್ವೋ ಕಣೇ," ಎಂದು ವೇಣು ಅದೆಷ್ಟು ಸಲ ಹೇಳಿದ್ದನೋ. ಇಂದ್ರಾಣಿ ಪ್ರತಿ ಸಲವೂ ಹೂಂ ಎಂದಿದ್ದಳು. ಜೀವ ಉಳಿಸಿದವಳ ಮೇಲೆ ಕಿಚ್ಚುಪಡುವುದಕ್ಕೆ ಯಾವ ಮಾತೂ ಇಲ್ಲ, ಅದನ್ನು ಹೂಂ ಎನ್ನುವುದರೊಳಗೇ ಮುಚ್ಚಿಡಬೇಕು.

ಗೇಟಿನ ಒಳಗೆ ನೋಟಿಸ್ ಬೋರ್ಡು. ಮಹಿಳಾ ದಿನದಂದು ಅಂಟಿಸಿದ ಬಣ್ಣದ ಫೋಟೋ ಇನ್ನೂ ಅಲ್ಲೇ ಇತ್ತು. ಗಾಜಿನ ಗೂಡಿನಲ್ಲಿ ಸೌಂದರ್ಯಾ, ಹಲ್ಲೆಲ್ಲ ಕಾಣುವ ನಗು, ಕೆಳಗೆ 'ನಮ್ಮ ಹೆಮ್ಮೆಯ ಮಹಿಳಾ ಕ್ರೇನ್ ಆಪರೇಟರ್'. ಅದರ ಪಕ್ಕದಲ್ಲಿ ಹಳದಿಗಟ್ಟಿದ ಇನ್ನೊಂದು ಕಾಗದ: 'ಇಂದ್ರಾಣಿಯವರಿಗಾಗಿ ರಕ್ತ ನೀಡಿದ ಸಹೋದ್ಯೋಗಿಗಳಿಗೆ ಧನ್ಯವಾದ'. ಹೆಸರುಗಳ ಪಟ್ಟಿಯಲ್ಲಿ ಮೊದಲನೆಯದು ಸೌಂದರ್ಯಾಳದೇ. ಆರು ದಿನದಿಂದಲೂ ಇಂದ್ರಾಣಿ ಈ ಬೋರ್ಡಿನ ಮುಂದೆ ನಿಲ್ಲಬಾರದೆಂದುಕೊಂಡು ನಿಲ್ಲುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಯಾರೂ ತನ್ನ ಫೋಟೋ ತೆಗೆದು ಅಂಟಿಸಿರಲಿಲ್ಲ. ತಾನು ಮೇಲೆ ಕೂತಿದ್ದಾಗ ಅದು ಬರೀ ಕೆಲಸವಾಗಿತ್ತು. ಇವಳು ಕೂತಮೇಲೆ ಹೆಮ್ಮೆಯಾಯಿತು. ಬೋರ್ಡಿನ ಮೇಲೆ ತನ್ನ ಹೆಸರು ಬಂದದ್ದು ರಕ್ತ ಬೇಕಾದವಳಾಗಿ.

ಸ್ಟೋರಿನಲ್ಲಿ ಕೂತರೆ ಕ್ರೇನ್ ಕಾಣುವುದಿಲ್ಲ, ಕೇಳುತ್ತದೆ. ಆ ಸದ್ದಿನಿಂದಲೇ ಇಂದ್ರಾಣಿಗೆ ಯಾವ ಲಿವರು ಎಷ್ಟು ತಿರುಗಿತು ಎಂದು ತಿಳಿಯುತ್ತಿತ್ತು, ಅವಳ ಬಲಗೈ ಮೇಜಿನ ಮೇಲೆ ತಾನೇ ತಿರುಗುತ್ತಿತ್ತು. ಮೊದಲ ದಿನ ಅವಳು ತಪ್ಪುಗಳಿಗಾಗಿ ಕಾದಿದ್ದಳು. ಈಗ ಬ್ರೇಕು ತಡವಾಗಿ ಹಿಡಿಯುತ್ತಾಳೆ, ಈಗ ಭಾರ ತೂಗಾಡುತ್ತದೆ, ಈಗ ಕೆಳಗಿನವರು ಬೈಯುತ್ತಾರೆ. ಯಾರೂ ಬೈಯಲಿಲ್ಲ. ಭಾರ ನೆಲ ಮುಟ್ಟುವ ಹೊತ್ತಿಗೆ ಬರಬೇಕಾದ ಧಡ್ ಎನ್ನುವ ಸದ್ದಿಗಾಗಿ ಅವಳ ಕಿವಿ ಕಾದಿರುತ್ತಿತ್ತು, ಆ ಸದ್ದೇ ಬರುತ್ತಿರಲಿಲ್ಲ. ತಾನು ಹದಿನಾಲ್ಕು ವರ್ಷದಲ್ಲಿ ಕಲಿಯದ ಯಾವುದನ್ನೋ ಈ ಹುಡುಗಿ ಹನ್ನೊಂದು ತಿಂಗಳಲ್ಲಿ ಒಬ್ಬಳೇ ಕೂತು ಕಲಿತಿದ್ದಳು. ಕಲಿಯಲು ಅವಳಿಗೆ ಪುರುಸೊತ್ತು ಕೊಟ್ಟದ್ದು ತನ್ನ ಗಡ್ಡೆ.

ಅವತ್ತು ಊಟದ ಗಂಟೆ ಹೊಡೆದು ಶೆಡ್ಡು ಖಾಲಿಯಾದಾಗ ಇಂದ್ರಾಣಿ ಕ್ಯಾಂಟೀನಿಗೆ ಹೋಗಲಿಲ್ಲ. ಏಣಿಯ ಬುಡಕ್ಕೆ ಹೋಗಿ ನಿಂತಳು. ಹತ್ತಬೇಕು ಎಂದು ಬೆಳಿಗ್ಗೆಯಿಂದ ಯೋಚಿಸಿರಲಿಲ್ಲ. ಆದರೆ ಅವಳ ಕಾಲಿಗೆ ಮೊದಲೇ ಗೊತ್ತಿದ್ದಂತಿತ್ತು. ಒಂದು, ಎರಡು, ಮೂರು. ಬಲಗೈ ಎಳೆಯುತ್ತಿತ್ತು, ಎಡಗೈ ಕಂಬಿಯನ್ನು ಬರೀ ಮುಟ್ಟಿಕೊಂಡು ಬರುತ್ತಿತ್ತು. ಆರನೆಯದಕ್ಕೆ ಕಂಕುಳಿನ ಹೊಲಿಗೆ ಸುತ್ತಲಿನ ಚರ್ಮ ತಂತಿಯ ಹಾಗೆ ಬಿಗಿಯಿತು. ಒಂಬತ್ತನೆಯ ಮೆಟ್ಟಿಲಲ್ಲಿ ಬಲಗೈ ಬೆವತು ಜಾರಿ, ಮೈಭಾರವೆಲ್ಲ ಒಮ್ಮೆಲೇ ಎಡಗೈ ಮೇಲೆ ಬಿತ್ತು. ಕಣ್ಣು ಕತ್ತಲೆ ಬಂದು, ಏಣಿಯನ್ನು ಎದೆಗೆ ಅವಚಿಕೊಂಡು ನಿಂತಳು. ಎದೆಯ ಎಡಭಾಗದಲ್ಲಿ ಒಳಗೆ ತುಂಬಿಕೊಂಡಿದ್ದ ಬಟ್ಟೆಯ ಉಂಡೆ ಕಬ್ಬಿಣಕ್ಕೆ ಒತ್ತಿ ಕತ್ತಿನ ಕಡೆಗೆ ಸರಿಯಿತು. ಅದನ್ನು ಸರಿಪಡಿಸಿಕೊಳ್ಳಲು ಬಿಡುವಿರುವ ಕೈ ಇರಲಿಲ್ಲ. ಮೇಲಕ್ಕೂ ಹೋಗಲಾರಳು, ಕೆಳಕ್ಕೂ ಇಳಿಯಲಾರಳು.

"ಅಕ್ಕಾ, ಕೆಳಗೆ ನೋಡ್ಬೇಡಿ. ನಾನಿದ್ದೀನಿ." ಸೌಂದರ್ಯಾ. ಇಷ್ಟೆಲ್ಲ ಜನರಲ್ಲಿ ಅವಳೇ ಬರಬೇಕಿತ್ತೆ? ಅವಳು ಎರಡೂ ಕೈಗಳಿಂದ ಕಂಬಿ ಹಿಡಿದು ಸರಸರ ಹತ್ತಿ ಬಂದದ್ದು ಏಣಿಯ ನಡುಕದಲ್ಲೇ ಗೊತ್ತಾಯಿತು. "ನನ್ನ ಭುಜದ್ ಮೇಲೆ ಕಾಲಿಡಿ. ಇಡಿ ಅಕ್ಕಾ, ಪರ್ವಾಯಿಲ್ಲ. ಹಾಂ. ಈಗ ಇನ್ನೊಂದು." ಹಾಗೆ ಒಂದೊಂದೇ ಮೆಟ್ಟಿಲು, ಆ ಹುಡುಗಿಯ ಭುಜ ತುಳಿಯುತ್ತ ಇಳಿದಳು. ನೆಲ ಮುಟ್ಟಿದ ಮೇಲೆ ಇಂದ್ರಾಣಿ ಗೋಡೆಯ ಕಡೆ ತಿರುಗಿ ಬಟ್ಟೆಯ ಉಂಡೆಯನ್ನು ಕೆಳಕ್ಕೆ ಎಳೆದುಕೊಂಡಳು. ತಿರುಗಿದಾಗ ಸೌಂದರ್ಯಾ ಬೇರೆ ಕಡೆ ನೋಡುತ್ತಿದ್ದಳು. ನೋಡದವಳ ಹಾಗೆ ನಟಿಸುವಷ್ಟು ಒಳ್ಳೆಯವಳು. ಅವಳ ನೀಲಿ ಶರ್ಟಿನ ಭುಜದ ಮೇಲೆ ಇಂದ್ರಾಣಿಯ ಬೂಟಿನ ಧೂಳು ಅಚ್ಚಾಗಿತ್ತು. ಅದನ್ನು ಕೊಡವುತ್ತ, "ಯಾರ್ಗೂ ಹೇಳಲ್ಲ ಅಕ್ಕಾ. ಊಟ ಮಾಡಿದ್ರಾ ಇಲ್ವಾ? ಬನ್ನಿ, ನನ್ ಡಬ್ಬಿಲಿ ಪುಳಿಯೋದರೆ ಇದೆ," ಎಂದಳು. ಯಾರಿಗೂ ಹೇಳುವುದಿಲ್ಲ. ಇನ್ನು ಮೇಲೆ ಇಬ್ಬರ ನಡುವೆ ಇದೊಂದು ಗುಟ್ಟು ಇರುತ್ತದೆ, ಅದರ ಕೀಲಿ ಅವಳ ಕೈಯಲ್ಲಿರುತ್ತದೆ. ಇಂದ್ರಾಣಿ ತಲೆನೋವು ಎಂದು ಹೇಳಿ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಊಟದ ಹೊತ್ತು ಮುಗಿಯುವವರೆಗೆ ಅವಳು ಬೆಳಗಿನ ಕೆಲಸದಿಂದ ವಾಪಸ್ ಬಂದ ಬೆಲ್ಟುಗಳನ್ನು ಪರೀಕ್ಷಿಸುತ್ತ ಕೂತಳು. ಐದು ಟನ್ನಿನವು ಕೆಂಪು, ಅಂಗೈ ಅಗಲ, ದಪ್ಪನೆಯ ನೇಯ್ಗೆ. ಮೇಜಿನ ಮೇಲೆ ಹಾಸಿ ಈ ಅಂಚಿನಿಂದ ಆ ಅಂಚಿಗೆ ಬೆರಳಾಡಿಸಬೇಕು. ಕಣ್ಣಿಗಿಂತ ಬೆರಳೇ ನಂಬಿಕೆಯದು. ಮೂರನೆಯ ಬೆಲ್ಟಿನ ಅಂಚಿನಲ್ಲಿ ಬೆರಳು ತಡೆಯಿತು. ಯಾವುದೋ ಚೂಪು ಕಬ್ಬಿಣ ಉಜ್ಜಿ ಒಂದಂಗುಲ ಕೊಯ್ದಿತ್ತು. ಬಗ್ಗಿಸಿದರೆ ಒಳಗಿನ ಬಿಳಿ ನೂಲು ಬಾಯಿ ತೆರೆಯುತ್ತಿತ್ತು, ನೇರ ಮಾಡಿದರೆ ಮುಚ್ಚಿಕೊಳ್ಳುತ್ತಿತ್ತು. ಇಂಥದನ್ನು ಕತ್ತರಿಸಿ ಗುಜರಿ ಡಬ್ಬಕ್ಕೆ ಹಾಕಬೇಕು. ಅವಳು ಅದನ್ನು ಬೇರೆಯಾಗಿ, ಕಾಲ ಬಳಿ ಇಟ್ಟುಕೊಂಡು ಕತ್ತರಿ ಹುಡುಕುತ್ತಿದ್ದಾಗ ಕಿಟಕಿಯಲ್ಲಿ ಮುನಿರಾಜನ ಮುಖ ಕಂಡಿತು.

ಮುನಿರಾಜ ಭಾರಕ್ಕೆ ಬೆಲ್ಟು ಕಟ್ಟಿ ಕೈಸನ್ನೆ ಕೊಡುವವನು. ಹದಿನಾಲ್ಕು ವರ್ಷ ಅವನ ಕೈ, ಅವಳ ಕಣ್ಣು. ಮಾತೇ ಬೇಕಿರಲಿಲ್ಲ, ಅವನು ಕಿರುಬೆರಳು ಬಾಗಿಸಿದರೆ ಎಷ್ಟು ಇಳಿಸಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಗಂಡನ ಜೊತೆಗೂ ಹಾಗೆ ಮಾತೇ ಬೇಡದಂಥ ಹೊಂದಿಕೆ ಇರಲಿಲ್ಲ. "ಐದು ಟನ್ನಿಂದು ಎರಡು ಕೊಡಮ್ಮ. ದೊಡ್ಡ ಫ್ರೇಮು ಎತ್ಬೇಕು," ಎಂದ. ಮುಂಚೆ ಏಕವಚನದಲ್ಲಿ ಹೆಸರು ಹಿಡಿದು ಕೂಗುತ್ತಿದ್ದವನು ಈ ಆರು ದಿನದಿಂದ 'ಅಮ್ಮ' ಎನ್ನುತ್ತಿದ್ದ. ಅವಳು ಸರಿಯಿರುವ ಒಂದನ್ನು ಮೇಜಿನ ಮೇಲಿಟ್ಟಳು. ಇನ್ನೊಂದಕ್ಕೆ ತಿರುಗುವಾಗ ಸುಮ್ಮನೆ, ಏನೋ ಕೇಳಬೇಕೆಂದು, "ಎಂಗ್ ಓಡಿಸ್ತಾಳೋ ಉಡ್ಗಿ?" ಎಂದಳು.

"ಅಯ್ಯೋ, ಅದ್ನೇನ್ ಕೇಳ್ತೀಯ," ಮುನಿರಾಜನ ಮುಖ ಅರಳಿತು. "ನೀನು ಇಳಿಸ್ದಾಗ ಧಡ್ ಅಂತಿತ್ತು ನೋಡು, ಕಾಲು ಇಂದಕ್ ಎಳ್ಕಬೇಕಿತ್ತು. ಇವ್ಳು ಇಳಿಸ್ದ್ರೆ ಮಗೂನ ತೊಟ್ಲಿಗೆ ಮಲಗಿಸ್ದಂಗೆ ಕಣಮ್ಮ. ಸದ್ದೇ ಇಲ್ಲ. ಎಲ್ಲಾ ನೀನ್ ಕಲಿಸಿದ್ದೇ ಅಲ್ವಾ!" ಹೊಗಳುತ್ತಿದ್ದೇನೆ ಎಂದೇ ಅವನು ನಂಬಿದ್ದ. ಇಂದ್ರಾಣಿ ನಕ್ಕಳು. ಹದಿನಾಲ್ಕು ವರ್ಷ ಅವನು ತನ್ನ ಪ್ರತಿ ಭಾರಕ್ಕೂ ಕಾಲು ಹಿಂದಕ್ಕೆ ಎಳೆದುಕೊಂಡಿದ್ದ, ಒಮ್ಮೆಯೂ ಹೇಳಿರಲಿಲ್ಲ. ಅವಳ ಕೈ ಕಾಲ ಬಳಿ ಹೋಯಿತು. ಕೊಯ್ದ ಬೆಲ್ಟನ್ನು ಎತ್ತಿ, ಕೊಯ್ದ ಭಾಗ ಒಳಗಾಗುವ ಹಾಗೆ ಸುತ್ತಿ, ಮೇಜಿನ ಮೇಲಿಟ್ಟಿತು. ಮುನಿರಾಜ ಎರಡನ್ನೂ ಹೆಗಲಿಗೆ ಹಾಕಿಕೊಂಡು ಹೋದ.

ಏನೂ ಆಗುವುದಿಲ್ಲ, ಎಂದುಕೊಂಡಳು. ಕಟ್ಟುವಾಗ ಅವನಿಗೇ ಕಾಣುತ್ತದೆ. ಕಾಣದಿದ್ದರೂ ಒಂದಂಗುಲ ಏನು ಮಹಾ; ಎತ್ತಿದ ಕೂಡಲೇ ಜಗ್ಗುತ್ತದೆ, ಮೊಣಕಾಲೆತ್ತರದಿಂದ ಫ್ರೇಮು ನೆಲಕ್ಕೆ ಬೀಳುತ್ತದೆ, ಧಡ್ ಎನ್ನುತ್ತದೆ. ಒಂದೇ ಒಂದು ಸಲ ಧಡ್ ಎನ್ನಲಿ. ಎಲ್ಲರೂ ತಲೆಯೆತ್ತಿ ಗಾಜಿನ ಗೂಡಿನ ಕಡೆ ನೋಡಲಿ. ಫೋರ್‌ಮನ್ ಜಯರಾಮಪ್ಪ ಅವಳನ್ನು ಕೆಳಗಿಳಿಸಿ ಬೈಯಲಿ. ಆ ಹುಡುಗಿ ಒಂದು ದಿನ, ಒಂದೇ ದಿನ, ಎಲ್ಲರ ಮುಂದೆ ಸಣ್ಣವಳಾಗಿ ನಿಲ್ಲಲಿ. ಇಷ್ಟು ಸ್ಪಷ್ಟವಾಗಿ ಅವಳು ಯೋಚಿಸಿದಳೋ, ಆಮೇಲೆ ಹಾಗೆ ಯೋಚಿಸಿದ್ದೆ ಅನ್ನಿಸಿತೋ, ಅವಳಿಗೆ ಎಂದಿಗೂ ಖಾತ್ರಿಯಾಗಲಿಲ್ಲ. ಹಾರ್ನ್ ಕೇಳಿಸಿತು. ಕ್ರೇನು ಈ ಕಡೆ ಉರುಳಿ ಬರತೊಡಗಿತು. ಮೋಟಾರು ಭಾರ ಹಿಡಿಯುವ ಆಳದ ಗುರ್ ಸದ್ದು ಬಂದಾಗ, ಯಾವುದಾದರೂ ಭಾರ ದೊಡ್ಡದಿದ್ದರೆ ಮುನಿರಾಜ ಅದು ತಿರುಗದಿರಲೆಂದು ಪಕ್ಕದಲ್ಲಿ ನಡೆಯುತ್ತ ಕೈಯಿಟ್ಟುಕೊಂಡಿರುತ್ತಾನೆ ಎಂಬುದು ನೆನಪಾಯಿತು. ಮೇಲಿನಿಂದ ಸಾವಿರ ಸಲ ಕಂಡಿದ್ದ ನೋಟ ಅದು. ಕಬ್ಬಿಣದ ಮೇಲೆ ಅವನ ಅಂಗೈ, ಅದರ ಅಡಿಯಲ್ಲಿ ಅವನ ಪಾದಗಳು.

ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಹೊರಗೆ ಓಡಿದಳು. ಫ್ರೇಮು ಆಗಲೇ ಸೊಂಟದೆತ್ತರಕ್ಕೆ ಏರಿತ್ತು, ಮುನಿರಾಜ ಅದರ ಮಗ್ಗುಲಲ್ಲಿ ನಡೆಯುತ್ತಿದ್ದ. "ನಿಲ್ಲಿಸು!" ಎಂದು ಕಿರುಚಿದಳು, ಗ್ರೈಂಡರುಗಳ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಎರಡೂ ಕೈ ಪೂರ್ತಿ ಮೇಲೆತ್ತಿದರೆ ತುರ್ತಾಗಿ ನಿಲ್ಲಿಸು ಎಂದರ್ಥ, ಅದನ್ನು ಯಾರು ಬೇಕಾದರೂ ಕೊಡಬಹುದು. ಬಲಗೈ ಮೇಲೆ ಹೋಯಿತು. ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತಿತು, ಮುಂದೆ ಹೋಗಲಿಲ್ಲ. ಆ ಅರ್ಧ ಸನ್ನೆ ಯಾವ ಪುಸ್ತಕದಲ್ಲೂ ಇಲ್ಲ. ಹಾಗೇ ಒಂದು ಕೈ ಎತ್ತಿ, ಒಂದು ಕೈ ಚಾಚಿ, ಅವಳು ಕ್ರೇನಿನ ಎದುರು ಓಡುತ್ತ ಹೋದಳು. ಭಾರ ಗಾಳಿಯಲ್ಲೇ ನಿಂತಿತು. ತೂಗಾಡಲಿಲ್ಲ ಕೂಡ. ಕೈಯಲ್ಲೇ ದೂರ ಸರಿ ಎಂದು ಅವಳು ತೋರಿಸಿದಾಗ ಮುನಿರಾಜ ಅರ್ಥವಾಗದೆ ನಾಲ್ಕು ಹೆಜ್ಜೆ ಹಿಂದೆ ಸರಿದ. ಸೌಂದರ್ಯಾ ಫ್ರೇಮನ್ನು ಇದ್ದಲ್ಲೇ, ಸದ್ದಿಲ್ಲದೆ, ನೆಲಕ್ಕೆ ಇಳಿಸಿದಳು.

ಬೆಲ್ಟು ಅರ್ಧಕ್ಕಿಂತ ಹೆಚ್ಚು ಹರಿದುಹೋಗಿತ್ತು. ಫೋರ್‌ಮನ್ ಜಯರಾಮಪ್ಪ ಅದನ್ನು ಎತ್ತಿ ಹಿಡಿದು ಸುತ್ತ ಸೇರಿದವರಿಗೆ ತೋರಿಸಿದ. "ನೋಡ್ರಲಾ, ನಾಲ್ಕು ಎಳೆ ಉಳ್ದಿತ್ತು. ಇನ್ನೊಂದು ನಿಮಿಷ ಆಗಿದ್ರೆ ಮುನಿರಾಜನ ಕಾಲು ಇರ್ತಿರ್ಲಿಲ್ಲ. ಅಲ್ಲಿಂದ ಇಲ್ಲಿಗೆ ಎಂಗ್ ಕಾಣಿಸ್ತಮ್ಮ ನಿಂಗೆ?" ಇಂದ್ರಾಣಿಗೆ ಉಸಿರು ಬರುತ್ತಿರಲಿಲ್ಲ. "ಕಾಣಿಸ್ತು," ಎಂದಳು. "ಅನುಭವ ಅಂದ್ರೆ ಇದು!" ಎಂದ ಜಯರಾಮಪ್ಪ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮುನಿರಾಜ ಎರಡೂ ಕೈ ಜೋಡಿಸಿ ನಿಂತಿದ್ದ. ಸುರಕ್ಷತಾ ದಿನಕ್ಕೆ ನಿನ್ನ ಹೆಸರೇ ಕಳಿಸುತ್ತೇನೆ, ಫೋಟೋ ಹಾಕಿಸುತ್ತೇನೆ ಎಂದ ಜಯರಾಮಪ್ಪ. ಅವಳು ಬಯಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಬಂದು ಸುತ್ತ ನಿಂತಿತ್ತು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಆ ಮುಖಗಳಲ್ಲಿ ಮರುಕ ಇರಲಿಲ್ಲ, ಮರ್ಯಾದೆ ಇತ್ತು. ಅವಳಿಗೆ ಅದು ಸಿಹಿಯಾಗಿತ್ತು. ಅದು ಸಿಹಿಯಾಗಿತ್ತೆನ್ನುವುದೇ ಆಮೇಲೆ, ಬೆಲ್ಟು ಕೊಟ್ಟದ್ದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿತು.

ಪಾಳಿ ಮುಗಿದ ಮೇಲೆ ಸೌಂದರ್ಯಾ ಎರಡು ಲೋಟ ಟೀ ಹಿಡಿದುಕೊಂಡು ಸ್ಟೋರಿಗೆ ಬಂದಳು. ಕಣ್ಣು ಅತ್ತು ಕೆಂಪಾಗಿತ್ತು. "ಒಂದು ಕೈ ಮಾತ್ರ ಎತ್ತಿದ್ರಿ. ಮೊದ್ಲು ಅರ್ಥ ಆಗ್ಲಿಲ್ಲ. ಆಮೇಲೆ, ಅಕ್ಕನ್ ಇನ್ನೊಂದು ಕೈ ಮೇಲಕ್ಕೆ ಬರಲ್ಲ ಅಲ್ವಾ ಅಂತ ಹೊಳೀತು, ನಿಲ್ಲಿಸ್ಬಿಟ್ಟೆ," ಎಂದಳು. ಟೀ ಲೋಟವನ್ನು ಅವಳ ಬಲಗೈಯ ಪಕ್ಕಕ್ಕೆ, ಸುಲಭವಾಗಿ ಎಟಕುವಂತೆ ಇಟ್ಟಳು. "ಮುನಿರಾಜಣ್ಣನಿಗೆ ಏನಾದ್ರೂ ಆಗಿದ್ರೆ ನಾನು ಮತ್ತೆ ಜನ್ಮದಲ್ಲಿ ಆ ಏಣಿ ಹತ್ತುತಿರ್ಲಿಲ್ಲ ಅಕ್ಕಾ. ನನ್ನ ನೀವು ಉಳಿಸಿದ್ರಿ."

ಮತ್ತೆ ಹತ್ತದಿರಲಿ ಎಂದೇ ಅಲ್ಲವೆ ತಾನು ಆ ಬೆಲ್ಟು ಕೊಟ್ಟದ್ದು? ಇಂದ್ರಾಣಿ ಲೋಟವನ್ನು ಮುಟ್ಟಲಿಲ್ಲ. ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತಿತ್ತು. ಸಾಯುವವರೆಗೆ ಈ ಹುಡುಗಿ ತನ್ನನ್ನು ದೇವರ ಹಾಗೆ ಕಾಣುತ್ತಿದ್ದಳು, ಮತ್ತು ಸಾಯುವವರೆಗೆ ತಾನು ಅವಳ ಮುಖ ನೋಡಿ ಉರಿಯುತ್ತಿದ್ದಳು. "ನಂಗೆ ಮೊದ್ಲೇ ಗೊತ್ತಿತ್ತು ಕಣೇ," ಎಂದಳು. "ಬೆಲ್ಟು ಕೊಯ್ದಿದ್ದು ಇಲ್ಲೇ ನೋಡಿದ್ದೆ. ನೋಡಿ, ಗೊತ್ತಿದ್ದೂ ಕೊಟ್ಟೆ. ನಿನ್ ಕೈಲಿ ಒಂದ್ಸಲ ಬೀಳ್ಲಿ ಅಂತ."

ಹುಡುಗಿ ಮೊದಲು ನಕ್ಕಳು, ತಮಾಷೆ ಎಂದುಕೊಂಡಂತೆ. ಆಮೇಲೆ ನಗು ನಿಂತಿತು. ಗಾಬರಿಯಾದಾಗ ಅವಳ ಬಾಯಿಗೆ ಮನೆಯ ತಮಿಳು ಬರುತ್ತಿತ್ತು. "ಎನ್ನಕ್ಕಾ ಸೊಲ್ರೀಂಗ?" ಎಂದಳು, ಏನಕ್ಕಾ ಹೇಳ್ತಿದ್ದೀರಿ ಎಂದು ತಾನೇ ಮತ್ತೆ ಕನ್ನಡದಲ್ಲಿ ಕೇಳಿದಳು. ಇಂದ್ರಾಣಿ ಮತ್ತೊಮ್ಮೆ ಅದೇ ಮಾತನ್ನು ಹೇಳಿದಳು.

"ಆ ಮನುಷ್ಯನ್ ಕೈ ಅದ್ರ ಮೇಲಿತ್ತು," ಸೌಂದರ್ಯಾಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು, ಆಮೇಲೆ ರಕ್ತವೆಲ್ಲ ಒಮ್ಮೆಲೇ ಅಲ್ಲಿಗೆ ನುಗ್ಗಿತು. "ನನ್ ಕೈಲಿ ಅವ್ರನ್ನ ಸಾಯಿಸ್ಬೇಕು ಅಂತಿದ್ರಾ? ನಾನೇನ್ ಮಾಡ್ದೆ ನಿಮ್ಗೆ? ಏನ್ ಮಾಡ್ದೆ ಹೇಳಿ! ನಿಮ್ಮನ್ನ ನೋಡಿ ದಿನಾ ಪಾಪ ಪಾಪ ಅಂದ್ಕೊಂಡು..." ಮೇಜಿನ ಮೇಲೆ ಹೊಡೆದಳು. ಟೀ ಚೆಲ್ಲಿ ಇಂದ್ರಾಣಿಯ ಮಡಿಲಿಗೆ ಹರಿಯಿತು. ಒರೆಸಲು ಆ ಹುಡುಗಿ ಕೈಯೆತ್ತಲಿಲ್ಲ. "ಏಳ್ರಿ. ಸಾರ್ ಇನ್ನೂ ಹೋಗಿಲ್ಲ. ನೀವೇ ಹೇಳ್ಬೇಕು, ಈಗ್ಲೇ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ." ಅವಳು ಮುಂದೆ ನಡೆದಳು. ಹಿಂದೆ ತಿರುಗಿ ಕೂಡ ನೋಡಲಿಲ್ಲ. ಇಂದ್ರಾಣಿ ಅವಳ ಹೆಜ್ಜೆಗೆ ಸಮನಾಗಿ ಓಡಬೇಕಾಯಿತು.

ಜಯರಾಮಪ್ಪ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಒಳ್ಳೆಯ ಮನುಷ್ಯ. ಆಮೇಲೆ ಮೆಲ್ಲಗೆ, "ನೋಡಮ್ಮ, ಅಷ್ಟೊಂದು ಕೀಮೋ ಗೀಮೋ ಕೊಟ್ಟವ್ರೆ. ಮೈಂಡ್ ಸರಿಯಾಗಿ ಕೆಲಸ ಮಾಡಲ್ವಂತೆ, ಮರೆವು ಬತ್ತದಂತೆ, ನಮ್ ತಂಗಿಗೂ ಅಂಗೇ ಆಗಿತ್ತು. ನಿಂಗೆ ಸರಿಯಾಗಿ ಕಾಣ್ಲಿಲ್ಲ. ಅಲ್ವಾ? ಆಮೇಲೆ ನೆನಪಾಗಿ ಓಡ್ಬಂದೆ. ಅಂಗೇ ಬರ್ಕತೀನಿ," ಎಂದ. ಪೆನ್ನು ಎತ್ತಿಕೊಂಡ. ಇಂದ್ರಾಣಿಗೆ ಆ ವಾಕ್ಯದ ಮೆತ್ತನೆಯ ಹಾಸಿಗೆ ಕಂಡಿತು. ಅದರ ಮೇಲೆ ಮಲಗಿಬಿಡಬಹುದಿತ್ತು. ಕಾಯಿಲೆ ಎದೆ ತೆಗೆದುಕೊಂಡಿತು, ಕೂದಲು, ಕೈ, ಏಣಿ, ಮೇಲಿನ ಗೂಡು ಎಲ್ಲವನ್ನೂ ತೆಗೆದುಕೊಂಡಿತು. ಈಗ ಈ ಕೆಟ್ಟ ಕೆಲಸವನ್ನೂ ತನ್ನದೇ ಎಂದು ತೆಗೆದುಕೊಳ್ಳಲು ಕೈ ಚಾಚುತ್ತಿತ್ತು.

"ಇಲ್ಲ ಸಾರ್," ಎಂದಳು. "ಮರೆವಲ್ಲ. ಚೆನ್ನಾಗಿ ಕಾಣಿಸ್ತು. ಕೈಲಿ ಮುಟ್ಟಿ ನೋಡಿದ್ದೆ. ಒಟ್ಟೆಕಿಚ್ಚು ಸಾರ್. ಕಾಯಿಲೆಗೂ ಇದ್ಕೂ ಏನೂ ಸಂಬಂದ ಇಲ್ಲ. ಅಂಗೇ ಬರ್ಕಳಿ."

ಹದಿನೈದು ದಿನ ಸಸ್ಪೆಂಡ್, ಆಮೇಲೆ ವಿಚಾರಣೆ. ಕೆಲಸ ಉಳಿಯುತ್ತದೋ ಇಲ್ಲವೋ ತನ್ನ ಕೈಯಲ್ಲಿಲ್ಲ ಎಂದ ಜಯರಾಮಪ್ಪ. ಉಳಿದರೂ ಬೆಲ್ಟು, ಸರಪಳಿ ಮುಟ್ಟುವ ಜಾಗಕ್ಕೆ ಮತ್ತೆ ಕಳಿಸುವುದಿಲ್ಲ. ಅವಳು ಸಹಿ ಹಾಕಿದಳು. ಹೊರಗೆ ನಲ್ಲಿಯ ಬಳಿ ಮುನಿರಾಜ ಕೈ ತೊಳೆಯುತ್ತಿದ್ದ. ಅವನಿಗೂ ಹೇಳಿದಳು. ಅವನು ನೀರು ನಿಲ್ಲಿಸಲಿಲ್ಲ. ಸೋಪು ಪೂರ್ತಿ ಹೋದಮೇಲೂ ಅಂಗೈ ತಿರುವಿ ತಿರುವಿ ತೊಳೆಯುತ್ತಲೇ ಇದ್ದ. "ನೀನ್ ಇಳಿಸ್ದಾಗ ಸದ್ದು ಬತ್ತಿತ್ತು ಅಂದಿದ್ಕಾ?" ಎಂದು ಕೇಳಿದ, ಮುಖ ನೋಡದೆ. ಅವಳು ಹೂಂ ಎಂದಳು. "ಓಗು," ಎಂದ. "ಈಗ ನನ್ ಮುಂದೆ ನಿಂತ್ಕಬೇಡ, ಓಗು."

ರೈಲು ಹೋಗಿಬಿಟ್ಟಿತ್ತು. ಬಂಗಾರಪೇಟೆಯ ಬಸ್ಸಿನಲ್ಲಿ ಕಾ‍ಲಿಡಲು ಜಾಗವಿರಲಿಲ್ಲ. ಗೇಟಿನಿಂದ ಹೊರಡುವಾಗ ಸೌಂದರ್ಯಾ ಸ್ಕೂಟರ್ ಏರಿ, ಜಡೆಯನ್ನು ಶರ್ಟಿನಿಂದ ಹೊರಗೆಳೆದುಕೊಂಡು ಹೋದದ್ದು ಕಣ್ಣಮುಂದೆಯೇ ಇತ್ತು. ಅವಳ ಆ ಸಿಟ್ಟಿನ ಮೇಲೂ ಇಂದ್ರಾಣಿಗೆ ಅಸೂಯೆಯಾಯಿತು. ಎಷ್ಟು ನೇರ, ಎಷ್ಟು ಚೊಕ್ಕ ಸಿಟ್ಟು. ಅದನ್ನು ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ. ಉರಿ ಹೋಗಿರಲಿಲ್ಲ, ಹೋಗುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ. ಆದರೆ ಈಗ ಅದು ಮೂವರಿಗೆ ಗೊತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದವನು ಅವಳ ಕಾಲು ತುಳಿದು, ಸರಿಯಾಗಿ ನಿಂತ್ಕಳಮ್ಮ ಎಂದು ಅವಳಿಗೇ ರೇಗಿದ. ಫೋನು ಹೊಡೆದುಕೊಂಡಿತು. ವೇಣು. "ಟ್ರೈನಲ್ ಬರ್ಲಿಲ್ವಲ್ಲ, ಎಲ್ಲಿದೀಯ? ಸುಸ್ತಾಯ್ತಾ? ನಾನೇ ಬರ್ಲಾ?"

"ಸುಸ್ತಿಲ್ಲ," ಎಂದಳು. "ಕೆಲ್ಸದಿಂದ ತೆಗ್ದವ್ರೆ, ಹದಿನೈದ್ ದಿನ. ಆಮೇಲಿಂದು ಗೊತ್ತಿಲ್ಲ."

"ಅಯ್ಯೋ, ಆಗ್ಲಿ ಬಿಡು. ರೆಸ್ಟ್ ತಗೊಂಡಂಗಾಯ್ತು. ನೀನು ಟೆನ್ಷನ್ ಮಾಡ್ಕ..."

"ರೀ, ಕೇಳಿಸ್ಕಳಿ. ನನ್ನಿಂದ ಇವತ್ತು ಒಬ್ಬ ಮನುಷ್ಯ ಸಾಯ್ತಿದ್ದ. ಬೇಕಂತ ಮಾಡ್ದೆ."

ಆ ಕಡೆಯಿಂದ ಜೀಪಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ವೇಣು, ಕಳೆದ ಹನ್ನೊಂದು ತಿಂಗಳಿಂದ ಅವಳ ಮೇಲೆ ಎತ್ತದಿದ್ದ ದನಿಯಲ್ಲಿ, "ಏನೇ ಮಾಡ್ದೆ? ಏನ್ ಮಾಡ್ಕಂಡ್ ಬಂದೆ? ಬೊಗಳೇ!" ಎಂದು ಅರಚಿದ. ಇಂದ್ರಾಣಿ ಫೋನನ್ನು ಕಿವಿಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡು, ಸುತ್ತಲಿನವರು ತಿರುಗಿ ನೋಡುತ್ತಿದ್ದರೂ ಲೆಕ್ಕಿಸದೆ, ಮೊದಲಿನಿಂದ ಹೇಳತೊಡಗಿದಳು.